ಹಾರುವ ಗಾಲಿ ಮತ್ತು ಬೀಗರು

ಬೀಗರ ಜೊತೆ ಪಾಲಿನಲ್ಲಿ ಕಾರು ಕೊಳ್ಳಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿದ್ದೆನೆಂದು ಖಚಿತವಾಗಿ ಹೇಳಲಾರೆ. ಮಗಳನ್ನು ಕೊಟ್ಟ ಮನೆಯಲ್ಲಿ ಧ್ವನಿ ಏರಿಸಬಾರದು, ಅಲ್ಲಿ ಊಟಕ್ಕೆ ಕುಳಿತಾಗ ಉಪ್ಪು ಕಡಿಮೆ ಎನ್ನಬಾರದು, ಬೀಗರು ಬಂದರೆ ಫ್ಯಾನಿನ ಕೆಳಗಿನ ಕುರ್ಚಿಯನ್ನು ಅವರಿಗೇ ಬಿಡಬೇಕು. ಇಷ್ಟು ನನಗೆ ಗೊತ್ತಿತ್ತು. ಆದರೆ ಎರಡೇ ಸೀಟಿನ, ತಲೆಯ ಮೇಲೆ ಚಾವಣಿಯಿಲ್ಲದ, ಒಂದೇ ಸ್ಟಿಯರಿಂಗ್ ಇರುವ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿಗೆ ಇಬ್ಬರು ಬೀಗರು ಒಡೆಯರಾದರೆ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ನಮ್ಮ ಹಿರಿಯರು ಯಾವ ರಿವಾಜನ್ನೂ ಮಾಡಿಟ್ಟು ಹೋಗಿಲ್ಲ.

ನಾನು ಜಮಖಂಡಿಯವನು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ಮಾಸ್ತರ. ಬೀಗರಾದ ಸಿದ್ರಾಯಪ್ಪನವರದು ಬನಹಟ್ಟಿ. ಪವರ್‌ಲೂಮ್ ಮಗ್ಗಗಳ ಮಾಲೀಕರು. ನನ್ನ ಮಗಳು ರೂಪಾಳನ್ನು ಅವರ ಮಗನಿಗೆ ಕೊಟ್ಟಿದ್ದೇನೆ. ಎರಡೂ ಮನೆತನಗಳದು ಬೀರೇಶ್ವರನ ಒಕ್ಕಲು. ನಮ್ಮಜ್ಜ ಕುರಿ ಕಾಯ್ದವರು, ಅವರಜ್ಜನೂ ಕುರಿ ಕಾಯ್ದವರು. ಹಾಗಾಗಿ ಬೀಳಗಿಯಲ್ಲಿ ಒಂದು ನಿಶ್ಚಯ ಕಾರ್ಯಕ್ಕೆಂದು ಹೋದ ನಾವಿಬ್ಬರು ಮುಚ್ಚಿಹೋದ ಹತ್ತಿ ಜಿನ್ನಿನ ಶೆಡ್ಡಿನಲ್ಲಿ ಕೋಳಿಗಳು ಕಾವು ಕುಳಿತಿದ್ದ ಆ ಕಾರನ್ನು ಕಂಡಾಗ, ನಮ್ಮ ರಕ್ತದಲ್ಲಿ ಅದರ ಬಗ್ಗೆ ಯಾವ ಅನುಭವವೂ ಇರಲಿಲ್ಲ. ಬಹುಶಃ ಅದಕ್ಕೇ ಮನಸ್ಸು ಅಷ್ಟು ಬೇಗ ಜಾರಿತು. ಬೀಗರು ಕಾರಿನ ಸುತ್ತ ಒಂದು ಸುತ್ತು ಹಾಕಿ ಬಂದು, "ಮಾಸ್ತರ್ರ, ಇದರಾಗ ಇಬ್ಬರ ಕುಂದರಬೌದಲ್ಲ?" ಎಂದರು. "ಇಬ್ಬರ ಕುಂದರಬೌದ್ರಿ" ಎಂದೆ. ವ್ಯವಹಾರ ಅಲ್ಲಿಗೆ ಮುಗಿದಂತೆಯೇ ಆಯಿತು.

ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಕಸ್ತೂರಿ ಕೇಳಿದ್ದು ಒಂದೇ ಪ್ರಶ್ನೆ: "ಬೀಗರೂ ನೀವೂ ಒಳಗ ಕುಂತ್ರ ಬೀಗತಿಯಾರೂ ನಾನೂ ಎಲ್ಲಿ ಕುಂದರೂಣು? ಬಾನೆಟ್ ಮ್ಯಾಲೇನ್ರಿ?" ನಾನು ದಿನಪತ್ರಿಕೆ ಬಿಡಿಸಿ ಹಿಡಿದೆ. ಸಮಾಜ ವಿಜ್ಞಾನದಲ್ಲಿ ಕೆಲವು ಪ್ರಶ್ನೆಗಳನ್ನು ಐಚ್ಛಿಕ ಎಂದು ಬಿಡುವ ಅವಕಾಶವಿರುತ್ತದೆ.

ಕಾರು ಒಂದು ವಾರ ಬನಹಟ್ಟಿಯಲ್ಲಿ, ಒಂದು ವಾರ ಜಮಖಂಡಿಯಲ್ಲಿ ಇರುವುದೆಂದು ಗೊತ್ತುಮಾಡಿಕೊಂಡೆವು. ರಿಪೇರಿ ಮಾಡಿಸಿದ ಮೇಲೆ ಕಾರು ಚೆನ್ನಾಗಿಯೇ ಓಡುತ್ತಿತ್ತು. ಹಾಗಿದ್ದದ್ದು ಒಂದು ದಿನ ನಮ್ಮ ಮನೆಯ ಮುಂದೆ ಕೀಲಿ ತಿರುವಿದರೆ ಇಂಜಿನ್ ಏಳಲಿಲ್ಲ. ಸ್ಟಾರ್ಟರ್ ಮಾತ್ರ ಕಿರ್ರೆಂದು ತನ್ನ ಪಾಡಿಗೆ ತಾನು ತಿರುಗಿತು. ಹಲ್ಲಿಲ್ಲದವರು ಹುರಿಗಡಲೆ ಬಾಯಿಗೆ ಹಾಕಿಕೊಂಡ ಹಾಗೆ, ಏನನ್ನೋ ಕಚ್ಚಲು ಹೋಗಿ ಜಾರುತ್ತಿತ್ತು. ನಾಲ್ಕು ಜನ ಸೇರಿ ಅದನ್ನು ಮುಧೋಳ ರಸ್ತೆಯ ದಸ್ತಗೀರನ ಗ್ಯಾರೇಜಿಗೆ ದಬ್ಬಿಕೊಂಡು ಹೋದೆವು. ಸುದ್ದಿ ತಿಳಿದು ಬೀಗರೂ ಬನಹಟ್ಟಿಯಿಂದ ಬಂದರು.

ದಸ್ತಗೀರ ಗೇರ್‌ಬಾಕ್ಸ್ ಇಳಿಸಿ, ಇಂಜಿನ್ನಿನ ಬೆನ್ನಿಗಿದ್ದ ಒಂದು ದುಂಡನೆಯ ಕಬ್ಬಿಣದ ತಟ್ಟೆಯನ್ನು ಬಿಚ್ಚಿ ಕಟ್ಟೆಯ ಮೇಲಿಟ್ಟ. ಅಂಚಿನ ಸುತ್ತ ಹಲ್ಲುಗಳು. ಅವುಗಳಲ್ಲಿ ಅರ್ಧಕ್ಕರ್ಧ ಸವೆದು ಬೋಳಾಗಿದ್ದವು. ಕ್ಲಚ್ ಬಂದು ಒತ್ತುವ ಮುಖದ ಮೇಲೆ ಕೂದಲೆಳೆಯಂಥ ಬಿರುಕುಗಳು, ಬೇಸಿಗೆಯ ಎರೆಹೊಲದ ಹಾಗೆ.

"ಇದ ಫ್ಲೈವೀಲ್ ರೀ ಸರ್. ಹಲ್ಲ ಅಷ್ಟ ಆಗಿದ್ರ ಹೊಸಾ ಹಲ್ಲಿನ ರಿಂಗ್ ಹಾಕಬೌದಿತ್ತು. ಮಾರಿನೂ ಬಿರಕ ಬಿಟ್ಟೈತಿ. ಲೇಥಿಗೆ ಕೊಟ್ಟು ಹೆರಸೂಣಂದ್ರ ಮೊದಲ ಯಾರೋ ಹೆರಸಿ ತೆಳ್ಳಗ ಮಾಡ್ಯಾರ. ಬ್ಯಾರೇನ ತರಸಬೇಕು" ಎಂದ.

ಬಿರುಕು ಬಿಟ್ಟದ್ದು ಕ್ಲಚ್ಚನ್ನು ಅರೆಬರೆ ಒತ್ತಿ ಓಡಿಸಿದ ಬಿಸಿಗೆ ಎಂದೂ ಅವನು ಸೇರಿಸಿದ. ನಾನು ಬೀಗರ ಕಾಲುಗಳನ್ನು ನೋಡಿದೆ. ಬೀಗರು ನನ್ನ ಕಾಲುಗಳನ್ನು ನೋಡುತ್ತಿದ್ದರು. ಬೀಗತನ ಎಂದರೆ ಬಹುಪಾಲು ಇದೇ.

ಹಳೆಯ ಸಾಮಾನುಗಳನ್ನು ಮಾರುವ ಪುಣೆಯವರೊಬ್ಬರ ಬಳಿ ಅದೇ ಮಾದರಿಯ ಕಾರಿನಿಂದ ಬಿಚ್ಚಿದ ಮೂಲ ಫ್ಲೈವೀಲ್ ಗಾಲಿ ಇತ್ತು. ಬೀಡು ಕಬ್ಬಿಣದ್ದು, ಹೊಟ್ಟೆ ತುಂಬ ಉಂಡವರಂತೆ ತೂಕದ್ದು. ಕೊಯಮತ್ತೂರಿನಲ್ಲಿ ಒಬ್ಬರು ಉಕ್ಕಿನಲ್ಲಿ ಹೊಸದಾಗಿ ಕಡೆದುಕೊಡುತ್ತಿದ್ದರು. ಅದು ಮೂಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೂಗುತ್ತಿತ್ತು, ಅಷ್ಟೇ. ಎರಡೂ ಈ ಇಂಜಿನ್ನಿಗೆ ಕೂಡುತ್ತವೆ, ಭಾರದ್ದು ಎಲ್ಲವನ್ನೂ ಹೊತ್ತುಕೊಂಡು ನಿಲ್ಲದೆ ನಡೆಯುತ್ತದೆ, ಹಗುರದ್ದು ಚುರುಕು ಎಂದು ದಸ್ತಗೀರ ವಿವರಿಸಿದ. ಯಾವುದು ಬೇಕು?

"ಭಾರದ್ದು" ಎಂದೆ ನಾನು. "ಹಗುರದ್ದು" ಎಂದರು ಬೀಗರು. ಇಬ್ಬರ ಮಾತುಗಳೂ ಒಟ್ಟಿಗೇ ಹೊರಬಿದ್ದವು. ದಸ್ತಗೀರ ಕೈ ಒರೆಸಿಕೊಳ್ಳಲು ಒಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ.

ನಿಜ ಹೇಳಬೇಕೆಂದರೆ ಆಗ ನನಗೆ ಈ ವಸ್ತುವಿನ ಬಗ್ಗೆ ದಸ್ತಗೀರ ಹೇಳಿದ್ದು ಬಿಟ್ಟು ಏನೂ ಗೊತ್ತಿರಲಿಲ್ಲ. ಅಭಿಪ್ರಾಯ ಮಾತ್ರ ಗಟ್ಟಿಯಾಗಿತ್ತು. ಅದಕ್ಕೊಂದು ಆಧಾರ ಹುಡುಕಬೇಕಲ್ಲ ಎಂದು ಓದತೊಡಗಿದೆ. ಮೊದಲು ಬೆರಗಾದದ್ದು ಹೆಸರಿಗೆ. ಕಾರಿನ ಇಂಜಿನ್ನಿನಲ್ಲಿ ಇಷ್ಟು ಭಾರದ ಗಾಲಿ ಇನ್ನೊಂದಿಲ್ಲ, ಅದನ್ನು ಕರೆಯುವುದು ಹಾರುವ ಗಾಲಿ ಎಂದು! ನಮ್ಮ ಕಡೆಯೂ ದಪ್ಪ ಮೈಯ ಮಗುವಿಗೆ ಸಣ್ಣವ್ವ ಎಂದು ಹೆಸರಿಡುತ್ತೇವೆ. ಇಂಗ್ಲಿಷರೂ ನಮ್ಮಂಥವರೇ ಇರಬೇಕು ಎಂದು ಸಮಾಧಾನವಾಯಿತು.

ಇಂಜಿನ್ ಎನ್ನುವುದು ಒಂದೇ ಸಮನೆ ದುಡಿಯುವ ಪ್ರಾಣಿಯಲ್ಲವಂತೆ. ಒಳಗೆ ಪೆಟ್ರೋಲು ಸಿಡಿದಾಗೊಮ್ಮೆ ಒಂದು ಒದೆತ, ಆಮೇಲೆ ಬಿಡುವು, ಮತ್ತೆ ಒದೆತ. ಆ ಬಿಡುವಿನಲ್ಲಿ ತಿರುಗುವಿಕೆಯನ್ನು ಬೀಳಗೊಡದೆ ಹೊತ್ತುಕೊಂಡು ಹೋಗುವುದು ಈ ಗಾಲಿ. ಭಾರದ್ದಾದರೆ ನಿಧಾನವಾಗಿ ವೇಗ ಹಿಡಿಯುತ್ತದೆ, ಹಿಡಿದದ್ದನ್ನು ಬೇಗ ಬಿಡುವುದಿಲ್ಲ. ಕ್ಲಚ್ ಬಿಡುವಾಗ ನಾವು ಎಡವಿದರೂ ಅದು ಕಾರನ್ನು ಮುಂದಕ್ಕೆ ಎಳೆದುಬಿಡುತ್ತದೆ. ಹಗುರದ್ದಾದರೆ ಇಂಜಿನ್ ಚಂಗನೆ ಏರುತ್ತದೆ, ಕಾಲು ತೆಗೆದರೆ ಅಷ್ಟೇ ಬೇಗ ಇಳಿಯುತ್ತದೆ. ಇಂಜಿನ್ನಿನ ಬಲವೇನೂ ಹೆಚ್ಚುವುದಿಲ್ಲ, ಅದರ ಸ್ವಭಾವ ಬದಲಾಗುತ್ತದೆ.

ಇಷ್ಟು ತಿಳಿದದ್ದೇ ತಡ, ಎಲ್ಲೆಲ್ಲೂ ನನಗೆ ಫ್ಲೈವೀಲುಗಳೇ ಕಾಣತೊಡಗಿದವು. ಕಸ್ತೂರಿಯ ಹೊಲಿಗೆ ಮಷೀನಿನ ಪಕ್ಕದ ಗಾಲಿಯನ್ನು ತಿರುವಿ ಬಿಟ್ಟು, ಎಷ್ಟು ಹೊತ್ತು ತಿರುಗುತ್ತದೆಂದು ನೋಡುತ್ತ ಕುಳಿತೆ. ದಾರ ತುಂಡಾಯಿತೆಂದು ಬೈಸಿಕೊಂಡೆ. ಬಸ್‌ಸ್ಟ್ಯಾಂಡಿನ ಎದುರು ಕಬ್ಬಿನ ಹಾಲಿನ ಗಾಡಿಯವನ ದೊಡ್ಡ ಗಾಲಿಯನ್ನು ನಾನೇ ತಿರುಗಿಸುತ್ತೇನೆಂದು ಕೇಳಿಕೊಂಡೆ. ಮೊದಲ ಸುತ್ತಿಗೆ ಹೆಗಲು ಬಿದ್ದುಹೋಗುವಷ್ಟು ಭಾರ, ಆಮೇಲೆ ಅದೇ ನನ್ನ ಕೈಯನ್ನು ಎಳೆದುಕೊಂಡು ಹೋಯಿತು. "ಸರ್, ಪೆನ್ಶನ್ ಸಾಲವಲ್ದೇನ್ರಿ?" ಎಂದು ಹಳೆಯ ವಿದ್ಯಾರ್ಥಿಯೊಬ್ಬ ರಸ್ತೆಯಾಚೆಯಿಂದ ಕೂಗಿದ.

ಒಂದು ಮಧ್ಯಾಹ್ನ ಹೀಗೇ ಯೋಚಿಸುತ್ತಿದ್ದಾಗ ಅಜ್ಜ ನೆನಪಾದರು. ಕುರಿಗಳ ಹಿಂದೆ ನಡೆಯುತ್ತಲೇ ಅಜ್ಜ ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದರು. ಕಡ್ಡಿಯ ಬುಡಕ್ಕೆ ಒಂದು ದುಂಡು ಬಿಲ್ಲೆ. ಬೆರಳಿನಿಂದ ಒಮ್ಮೆ ತಿರುವಿ ಬಿಟ್ಟರೆ ಗಾಳಿಯಲ್ಲಿ ತೂಗಾಡುತ್ತ ತಿರುಗುತ್ತಲೇ ಇರುತ್ತಿತ್ತು. ಆ ಬಿಲ್ಲೆಯೂ ಫ್ಲೈವೀಲೇ! ಕುಂಬಾರನ ತಿಗರಿಯೂ ಅದೇ. ಮೋಟಾರು ಹುಟ್ಟುವುದಕ್ಕೆ ಸಾವಿರಾರು ವರ್ಷ ಮೊದಲೇ ಕುರುಬರೂ ಕುಂಬಾರರೂ ಈ ಗುಟ್ಟನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರು. ಅಜ್ಜನ ಬಳಿ ಎರಡು ಕದಿರುಗಳಿದ್ದವು. ಕಂಬಳಿಯ ದಪ್ಪ ನೂಲಿಗೆ ಭಾರದ ಬಿಲ್ಲೆಯದು, ಸಣ್ಣ ನೂಲಿಗೆ ಹಗುರದ್ದು. ಅಂದರೆ ನನಗೂ ಬೀಗರಿಗೂ ಬಿದ್ದ ಜಗಳವನ್ನು ಅಜ್ಜ ಎರಡನ್ನೂ ಇಟ್ಟುಕೊಂಡು ಬಗೆಹರಿಸಿದ್ದರು. ಕಾರಿಗೆ ಆ ಅನುಕೂಲವಿರಲಿಲ್ಲ.

ಇಷ್ಟಾಗಿಯೂ ಒಂದು ವಿಷಯ ನನಗೆ ಬಗೆಹರಿಯಲಿಲ್ಲ. ಬೀಗರು ಹುಟ್ಟಿದಾಗಿನಿಂದ ಮಗ್ಗಗಳ ನಡುವೆ ಇರುವವರು. ಪ್ರತಿ ಮಗ್ಗಕ್ಕೂ ಒಂದು ಭಾರದ ಗಾಲಿ ಇರುತ್ತದೆ, ಅದಿಲ್ಲದೆ ಲಾಳಿ ಒಂದು ಲಯದಲ್ಲಿ ಓಡುವುದಿಲ್ಲ. ಭಾರದ ಗಾಲಿಯ ಬೆಲೆ ಅವರಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ಅಂಥವರು ಹಗುರದ್ದೇ ಬೇಕೆಂದು ಹಟ ಹಿಡಿದದ್ದೇಕೆ? ನನ್ನ ಕಾರಣವಂತೂ ಸರಳ. ನಡುರಸ್ತೆಯಲ್ಲಿ ಕಾರು ಬಂದ್ ಬಿದ್ದು ಹಿಂದಿನವರು ಹಾರ್ನ್ ಹೊಡೆಯತೊಡಗಿದರೆ ನನ್ನ ಕಿವಿ ಬಿಸಿಯಾಗುತ್ತದೆ. ಜನ ನನ್ನನ್ನು ತಿರುಗಿ ನೋಡಬಾರದು. ಅದಕ್ಕೆಂದೇ ಸ್ಪೋರ್ಟ್ಸ್ ಕಾರು ಕೊಂಡಿದ್ದೀರಾ ಎಂದು ನೀವು ಕೇಳಬಹುದು. ಕಸ್ತೂರಿಯೂ ಕೇಳಿದಳು.

ನಮ್ಮ ಭಿನ್ನಾಭಿಪ್ರಾಯ ಮೊದಮೊದಲು ನಗೆಚಾಟಿಕೆಯಾಗಿತ್ತು. ಆಮೇಲೆ ಫೋನಿನ ಮಾತುಗಳು ಚಿಕ್ಕವಾದವು. ಆಮೇಲೆ ಬೀಗರ ಫೋನ್ ಬರುವುದೇ ನಿಂತಿತು. ಒಂದು ಬೆಳಿಗ್ಗೆ ರೂಪಾ ಫೋನ್ ಮಾಡಿದಳು. ಹಿಂದೆ ಮಗ್ಗಗಳ ಖಟಖಟ ಕೇಳುತ್ತಿತ್ತು.

"ಅಪ್ಪಾ, ಮಾವಾರು ಈಗ ಊಟಕ್ಕ ಕುಂತ್ರ ಯಾರ ಕೂಡೂ ಮಾತಾಡೂದಿಲ್ಲ. ನಾ ರೊಟ್ಟಿ ನೀಡಿದ್ರ 'ಸಾಕವ್ವ' ಅಂತಾರ, ಅಷ್ಟ. ಮೊದಲ 'ಮಾಸ್ತರ ಏನಂತಾರವ್ವಾ' ಅಂತ ದಿನಾ ಕೇಳಾವ್ರು. ಒಂದ ಕಬ್ಬಿಣದ ಗಾಲಿ ಸಲುವಾಗಿ ನಾ ಎರಡ ಮನಿ ನಡುವ ಸಿಕ್ಕೊಂಡೇನಿ ನೋಡಪ್ಪಾ."

ಅವಳ ಧ್ವನಿಯಲ್ಲಿ ನಗೆ ಇತ್ತು, ಆದರೆ ಬರೀ ನಗೆಯಿರಲಿಲ್ಲ. ನಾನು ಅಂಗಿ ಬದಲಿಸಿ ಬನಹಟ್ಟಿಯ ಬಸ್ಸು ಹತ್ತಿದೆ.

ಬೀಗರು ನನ್ನನ್ನು ಕಂಡು ಎದ್ದು ನಿಂತು ಫ್ಯಾನಿನ ಕೆಳಗಿನ ಕುರ್ಚಿ ಸರಿಸಿದರು. ನಾನು ಬೇಡವೆಂದು ಇನ್ನೊಂದರಲ್ಲಿ ಕುಳಿತೆ. "ಬೀಗರ, ಹಗುರದ್ದ ತರಸೂಣ್ರಿ" ಎಂದೆ. "ಬ್ಯಾಡ್ರಿ ಮಾಸ್ತರ್ರ, ಭಾರದ್ದ ಇರಲಿ. ನಿಮಗ ಮನಸಿಲ್ಲದ್ದ ನನಗ ಬ್ಯಾಡ" ಎಂದರು. ನಾನು ಹಗುರದ್ದೇ ಆಗಬೇಕೆಂದೆ. ಅವರು ಭಾರದ್ದೇ ಆಗಬೇಕೆಂದರು. ಜಗಳ ಹಾಗೆಯೇ ಉಳಿದು, ನಾವು ಮಾತ್ರ ಜಾಗ ಬದಲಿಸಿಕೊಂಡಿದ್ದೆವು. ಚಹಾ ತಂದ ರೂಪಾ ಸ್ವಲ್ಪ ಹೊತ್ತು ನಿಂತು ಕೇಳಿದಳು.

"ನೀವಿಬ್ರೂ ಹಿಂಗ ಬಿಟ್ಟುಕೊಡಕೋತ ಕುಂತ್ರ ಗಾಡಿ ಗ್ಯಾರೇಜದಾಗ ತುಕ್ಕ ಹಿಡೀತೈತಿ. ಮಾವಾ, ಖರೆ ಹೇಳ್ರಿ, ನಿಮಗ ಹಗುರದ್ದ ಯಾಕ ಬೇಕು?"

ಬೀಗರು ಚಹಾದ ಕಪ್ಪನ್ನೇ ನೋಡುತ್ತ, "ಏನಿಲ್ಲವ್ವ, ಸುಮ್ನ" ಎಂದರು.

ಗಂಡಸೊಬ್ಬ ಸುಮ್ಮನೆ ಎಂದಾಗ ಅದರ ಹಿಂದೆ ಏನೋ ಇರುತ್ತದೆಂದು ಸೊಸೆಯಂದಿರಿಗೆ ಗೊತ್ತಾಗುತ್ತದೆ. ರೂಪಾ ನನ್ನ ಕಡೆ ತಿರುಗಿ, "ಅಪ್ಪಾ, ಹಗುರದ್ದ ತರಸ್ರಿ" ಎಂದಳು. ತೀರ್ಪಾಯಿತು.

ಗಾಲಿ ಕೊಯಮತ್ತೂರಿನಿಂದ ಬಂತು. ಕನ್ನಡಿಯಂತೆ ಹೊಳೆಯುತ್ತಿತ್ತು. ಕೂಡಿಸುವ ದಿನ ಬೀಗರು ಮನೆಯಿಂದ ಭಂಡಾರ ತಂದಿದ್ದರು. ನಾವು ಯಾವ ಹೊಸ ವಸ್ತು ತಂದರೂ ಬೀರಪ್ಪನ ಭಂಡಾರ ಹಚ್ಚದೆ ಬಳಸುವವರಲ್ಲ. ಅವರು ಕಣ್ಣು ಮುಚ್ಚಿ ಗಾಲಿಯ ಮೇಲೆ ಧಾರಾಳವಾಗಿ ಅರಿಸಿನ ಎರಚಿಯೇಬಿಟ್ಟರು. "ಕಾಕಾ, ಮಾರಿಗೆ ಬ್ಯಾಡ್ರಿ! ಕ್ಲಚ್ ಜಾರತೈತಿ!" ಎಂದು ದಸ್ತಗೀರ ಓಡಿಬಂದ. ಆಮೇಲೆ ಅವನೇ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಮುಖವನ್ನು ಒರೆಸಿ, ಬೆನ್ನ ಮೇಲಿದ್ದ ಅರಿಸಿನವನ್ನು ಮುಟ್ಟದೆ, ಗಾಲಿಯನ್ನು ಇಂಜಿನ್ನಿಗೆ ಕೂಡಿಸಿದ. ಬೀರಪ್ಪನಿಗೂ ಕ್ಲಚ್ಚಿಗೂ ಇಬ್ಬರಿಗೂ ಅನ್ಯಾಯವಾಗಲಿಲ್ಲ.

ಮೊದಲ ಸವಾರಿಗೆ ಬೀಗರೇ ಚಾಲಕರು. ಗ್ಯಾರೇಜಿನಿಂದ ಹೊರಟು ಬನಹಟ್ಟಿ, ರಬಕವಿ ದಾಟಿ ಮಹಾಲಿಂಗಪುರ, ಅಲ್ಲಿಂದ ಮುಧೋಳ, ಮುಧೋಳದಿಂದ ಜಮಖಂಡಿ ಎಂದು ಗೊತ್ತುಮಾಡಿದೆವು. ತೆರೆದ ರಸ್ತೆಯಲ್ಲಿ ಕಾರು ಆಡಿನ ಮರಿಯ ಹಾಗೆ ನೆಗೆಯಿತು. ಬೀಗರು ನನ್ನ ಕಡೆ ತಿರುಗಿ ನಕ್ಕರು. ಇಷ್ಟು ವರ್ಷಗಳಲ್ಲಿ ಅವರ ಒಳಹಲ್ಲುಗಳನ್ನು ನಾನು ನೋಡಿರಲಿಲ್ಲ.

ಮಹಾಲಿಂಗಪುರದಲ್ಲಿ ನಗೆ ನಿಂತಿತು. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಮನೆಯಷ್ಟೆತ್ತರ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಬಸ್‌ಸ್ಟ್ಯಾಂಡಿನ ಮುಂದೆ ಸಾಲುಗಟ್ಟಿದ್ದವು. ಒಂದು ಮಾರು ಸರಿಯುವುದು, ನಿಲ್ಲುವುದು. ಮತ್ತೆ ಸರಿಯುವುದು, ನಿಲ್ಲುವುದು. ಬೀಗರು ಕ್ಲಚ್ ಬಿಟ್ಟರು, ಕಾರು ಒಮ್ಮೆ ಜಗ್ಗಿ ಬಂದ್ ಬಿತ್ತು. ಸ್ಟಾರ್ಟ್ ಮಾಡಿದರು, ಮತ್ತೆ ಬಂದ್. ಹಿಂದೆ ಬಸ್ಸಿನ ಹಾರ್ನ್. ಮತ್ತೆ ಪ್ರಯತ್ನ, ಮತ್ತೆ ಬಂದ್. ಹಿಂದಿನಿಂದ ಬಂದ ಟ್ರ್ಯಾಕ್ಟರಿನ ಟ್ರೇಲರ್ ನಮ್ಮ ಪಕ್ಕದಲ್ಲೇ ಉಜ್ಜಿಕೊಂಡು ಹೋಯಿತು. ಕಬ್ಬಿನ ಸೋಗೆ ನನ್ನ ಟೊಪ್ಪಿಗೆಯನ್ನು ಕಿತ್ತುಕೊಂಡಿತು. ಅಷ್ಟು ತಗ್ಗಿನಲ್ಲಿ ಕುಳಿತು ಆ ದೊಡ್ಡ ಗಾಲಿಗಳನ್ನು ಕಿವಿಯ ಪಕ್ಕದಲ್ಲಿ ಕಂಡಾಗ, ಖರೆ ಹೇಳುತ್ತೇನೆ, ನನಗೆ ನಾಚಿಕೆ ಮರೆತೇಹೋಗಿ ಜೀವದ ಚಿಂತೆಯಾಯಿತು.

"ಕಾಕಾ, ಹಿಡೀರಿ ಸ್ಟೇರಿಂಗ, ದಬ್ಬತೇವು!" ಎಂದು ಯಾರೋ ನಾಲ್ಕು ಜನ ಓಡಿಬಂದು ಕಾರನ್ನು ಒಂದು ಬೇವಿನ ಮರದ ಕೆಳಗೆ ದಬ್ಬಿ ಹೋದರು.

ಬೀಗರು ಇಳಿಯಲಿಲ್ಲ. ಎರಡೂ ಕೈ ಸ್ಟಿಯರಿಂಗಿನ ಮೇಲೆ, ಕಣ್ಣು ಮುಂದೆ ಎಲ್ಲೋ. ನಾನು ಏನಾದರೂ ತಮಾಷೆ ಮಾಡಬೇಕೆಂದು ಬಾಯಿ ತೆರೆದವನು ಅವರ ಮುಖ ನೋಡಿ, ತಲೆಗೂದಲಿನಲ್ಲಿ ಸಿಕ್ಕಿದ್ದ ಸೋಗೆಯ ಚೂರುಗಳನ್ನು ತೆಗೆಯತೊಡಗಿದೆ.

"ಮಾಸ್ತರ್ರ," ಎಂದರು, "ನಮ್ಮಪ್ಪ ಹ್ವಾದಾಗ ನನಗ ಮೀಸಿ ಸೈತ ಬಂದಿದ್ದಿಲ್ರಿ. ಆವತ್ತಿನಿಂದ ಕರೆಂಟ್ ಹೋಗಿ ಮಗ್ಗ ನಿಂತ್ರೂ ನಾ ನಿಂತಿಲ್ಲ. ತಮ್ಮಂದ್ರ ಸಾಲಿ, ತಂಗೇರ ಲಗ್ನ, ಅವರ ಮಕ್ಕಳ ಬ್ಯಾನಿ ಬ್ಯಾಸರಕಿ. ಎಲ್ಲಾರೂ ಒಂದ ಮಾತ ಅಂತಾರ, 'ಸಿದ್ರಾಯಪ್ಪ ಅದಾನ ಬಿಡು.' ಆ ದಸ್ತಗೀರ ಭಾರದ ಗಾಲಿ ಏನೇನ ಮಾಡತೈತಿ ಅಂತ ಹೇಳಾಕತ್ತಾಗ, ಇಂವ ನನ್ನ ಬಗ್ಗೆನ ಹೇಳಾಕತ್ತಾನೋ ಏನೋ ಅನಸ್ತು. ಒಂದರ ಹಗುರದ್ದ ಇರಲಿ ಅನಸ್ತ್ರಿ, ಅಷ್ಟ." ಕೀಲಿಯನ್ನು ನೋಡುತ್ತ ಹೇಳಿದರು: "ನೋಡ್ರಿ, ಅದೂ ಬರವಲ್ದು ನನಗ."

ಮೂವತ್ತು ವರ್ಷ ಮಕ್ಕಳ ಮುಂದೆ ಮಾತಾಡಿಯೇ ಸಂಬಳ ತೆಗೆದುಕೊಂಡವನು ನಾನು. ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ಇಷ್ಟೇ. "ಇಳೀರಿ ಬೀಗರ. ಈ ಕಡೆ ಬಂದ ಕುಂದರ್ರಿ. ನಾ ಓಡಸ್ತೇನಿ."

"ಈ ಹಗುರ ಗಾಲಿ ನಿಮಗ ಬರತೈತೇನ್ರಿ?"

"ಇಲ್ರಿ. ನೋಡೂಣು."

ನನ್ನ ಕೈಯಲ್ಲೂ ಕಾರು ಬಂದ್ ಬಿತ್ತು. ಜನ ತಿರುಗಿ ನೋಡಿದರು. ಕಿವಿ ಬಿಸಿಯಾಯಿತು, ಬಿಸಿಯಾದರೆ ಆಗಲಿ ಎಂದುಕೊಂಡೆ. ಮುಂದಿನ ಸಲ ಇಂಜಿನ್ನಿನ ದನಿಗೆ ಕಿವಿಗೊಟ್ಟು, ಅದು ತಗ್ಗತೊಡಗಿದ ಕ್ಷಣದಲ್ಲೇ ಬಲಗಾಲನ್ನು ತುಸು ಒತ್ತಿ, ಎಡಗಾಲನ್ನು ನಿದ್ದೆಯ ಮಗುವಿನ ತಲೆಯ ಕೆಳಗಿನಿಂದ ತೋಳು ತೆಗೆಯುವಂತೆ ಎತ್ತಿದೆ. ಕಾರು ಸರಿಯಿತು. ಭಾರದ ಗಾಲಿ ನಮ್ಮ ತಪ್ಪನ್ನು ತಾನೇ ನುಂಗಿಕೊಂಡು ನಡೆಯುತ್ತದೆ, ನಮಗೆ ತಿಳಿಯುವುದೇ ಇಲ್ಲ. ಹಗುರದ್ದಕ್ಕೆ ನಾವು ಎಚ್ಚರವಾಗಿರಬೇಕು, ಅಷ್ಟೇ ಅದರ ತಕರಾರು.

ಊರು ದಾಟಿದೆವು. ಮುಧೋಳದ ರಸ್ತೆಯಲ್ಲಿ ಗೇರ್ ಬದಲಿಸಿದಾಗಲೆಲ್ಲ ಇಂಜಿನ್ ನಾನು ಹೇಳುವ ಮೊದಲೇ ಕೇಳಿಸಿಕೊಂಡಂತೆ ಏರುತ್ತಿತ್ತು. ಈ ಖುಷಿ ಹೀಗಿರುತ್ತದೆಂದು ಯಾವ ಓದಿನಲ್ಲೂ ನನಗೆ ತಿಳಿದಿರಲಿಲ್ಲ.

"ಭಾರದ್ದ ತರಸಿ ಹಾಕಸೂಣೇನ್ರಿ ಮಾಸ್ತರ್ರ? ನಿಮ್ಮ ಮಾತ ಖರೆ ಇತ್ತು" ಎಂದರು ಬೀಗರು.

"ಈಗ ಬ್ಯಾಡ್ರಿ" ಎಂದೆ.

ಅವರು ಸೀಟಿಗೆ ಒರಗಿದರು. ಎರಡೂ ಕಡೆ ಕಬ್ಬು, ಮೇಲೆ ಚಳಿಗಾಲದ ಎಳೆ ಬಿಸಿಲು, ಮುಖಕ್ಕೆ ಗಾಳಿ. ಮುಧೋಳ ಬರುವ ಹೊತ್ತಿಗೆ ಪಕ್ಕದಿಂದ ಒಂದು ಸದ್ದು ಕೇಳಿಸಿತು. ಗೇರ್‌ಬಾಕ್ಸ್ ಹೋಯಿತೇ ಎಂದು ಹೆದರಿ ನೋಡಿದರೆ ಬೀಗರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಮಾವನವರು ಹಗಲು ಮಲಗಿದ್ದನ್ನು ಮದುವೆಯಾಗಿ ಬಂದ ಮೇಲೆ ತಾನು ಒಮ್ಮೆಯೂ ಕಂಡಿಲ್ಲವೆಂದು ರೂಪಾ ಹೇಳುತ್ತಿದ್ದಳು. ಜಮಖಂಡಿಗೆ ತಿರುಗಬೇಕಾದ ಕಡೆ ನಾನು ತಿರುಗಲಿಲ್ಲ. ಲೋಕಾಪುರದ ರಸ್ತೆ ಹಿಡಿದೆ. ಲೋಕಾಪುರದಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ದಾರಿಯಲ್ಲಿ ಅವರ ಜೇಬಿನಲ್ಲಿ ಫೋನು ಗುರುಗುಟ್ಟತೊಡಗಿತು. ಕಾರನ್ನು ಮೆಲ್ಲಗೆ ಬದಿಗೆ ನಿಲ್ಲಿಸಿ, ಎರಡು ಬೆರಳಿನಲ್ಲಿ ಅದನ್ನು ಎತ್ತಿಕೊಂಡು, ಕೆಳಗಿಳಿದು ನಾಲ್ಕು ಹೆಜ್ಜೆ ದೂರ ಹೋದೆ. ರೂಪಾ.

"ಅಪ್ಪಾ? ಮಾವಾರು ಎಲ್ಲಿ? ಇಲ್ಲಿ ನೂಲಿನವರು ಬಂದಾರ. ಎಲ್ಲಾರೂ ಮಾವಾರನ್ನ ಕೇಳಾಕತ್ತಾರ."

"ನಿನ್ನ ಗಂಡಗ ನೋಡಕೋ ಅಂತ ಹೇಳವ್ವ," ಎಂದೆ ಪಿಸುದನಿಯಲ್ಲಿ. "ನಿಮ್ಮ ಮಾವಾರು ಗಾಡಿ ಓಡಸಾಕತ್ತಾರ. ಈಗ ಮಾತಾಡಾಕ ಬರಾಂಗಿಲ್ಲ."

ಅತ್ತ ಕಡೆ ಮಗ್ಗಗಳ ಸದ್ದಿನ ನಡುವೆ ನನ್ನ ಮಗಳೂ ದನಿ ತಗ್ಗಿಸಿ, "ಹಂಗಾರ ಸಾವಕಾಶ ಬರ್ರಿ" ಎಂದಳು.

ನಾನು ಮರಳಿ ಬಂದು ಕುಳಿತು, ಕೀಲಿ ತಿರುವಿ, ಉಸಿರು ಹಿಡಿದು ಕ್ಲಚ್ ಬಿಟ್ಟೆ. ಕಾರು ಹೊರಟದ್ದು ಬೀಗರಿಗೆ ಗೊತ್ತಾಗಲಿಲ್ಲ.